ಸುದ್ದಿಯಿಲ್ಲದ ವಾರಗಳು

ಕೇಕಿಗೆ ಮೂವತ್ತೆಂಟು ಡಾಲರ್, ಗೋಡೆ ಗಡಿಯಾರಕ್ಕೆ ತೊಂಬತ್ತು, ಕಾಫಿ ನಮ್ಮ ರಾಜ್ಯಶಾಸ್ತ್ರ ವಿಭಾಗದ ಡಬ್ಬಿಯಿಂದಲೇ ಆಯಿತು, ಮೂವತ್ತೊಂಬತ್ತು ವರ್ಷ ಪಾಠ ಹೇಳಿದವರನ್ನು ಕಳಿಸಿಕೊಡಲು ಒಟ್ಟು ನೂರ ಇಪ್ಪತ್ತೆಂಟು — ಈ ಕಾಗದ ಕತ್ತರಿಸುವ ಯಂತ್ರ ಬಿಸಿಯಾದರೆ ಇಸ್ತ್ರಿ ಕೆಳಗೆ ಸೀದ ಬಟ್ಟೆಯ ವಾಸನೆ ಬರುತ್ತದೆ, ಸ್ವಲ್ಪ ಆರಲಿ. ಐದು ಪೆಟ್ಟಿಗೆ ಮುಗಿದವು, ಬರೀ ಹಳೆಯ ಪರೀಕ್ಷೆ ಹಾಳೆ. ಆರನೆಯದು ನನ್ನದು. ಅದನ್ನೂ ಹಾಕಿಬಿಡಿ ಆರ್ಡಿಸ್, ಅಂಕಿಯೆಲ್ಲ ಕಂಪ್ಯೂಟರಿನಲ್ಲಿದೆ, ಪೆನ್ಸಿಲ್ ಹಾಳೆ ಬೇಡ ಅಂತಾರೆ ಲೈಬ್ರರಿಯವರು, ಅಂದು ಪ್ರೊಫೆಸರ್ ಪ್ರೊಹಾಸ್ಕ ಕೀಲಿಕೈ ಒಪ್ಪಿಸಲು ಕೆಳಗೆ ಹೋದರು, ಒಳಗೇನಿದೆಯೆಂದು ನೋಡಲೂ ಇಲ್ಲ. ಪ್ರತಿ ಸಾಲಿನ ಕೊನೆಗೆ ಎ.ಎಚ್., ಆರ್ಡಿಸ್ ಹಾಲ್ವರ್ಸನ್, ಇಪ್ಪತ್ತೇಳು ವರ್ಷದವಳ ದುಂಡು ಅಕ್ಷರ, ಈ ಪೆಟ್ಟಿಗೆ ಹೋದರೆ ಆ ಕೆಲಸ ನಾನು ಮಾಡಿದೆನೆಂದು ಹೇಳಲು ಭೂಮಿಯ ಮೇಲೆ ಬೇರೆ ಚೂರು ಕಾಗದವಿಲ್ಲ. ಎಂಥ ಚಳಿಗಾಲ ಅದು, ಅಯೋವಾದ ಗಾಳಿ ಕಿಟಕಿಯ ಸಂದಿಯಲ್ಲಿ ಶಿಳ್ಳೆ ಹಾಕುತ್ತಿತ್ತು, ಅವರಿಗೂ ಆಗ ಮೂವತ್ತರ ಆಸುಪಾಸು, ಕೋಟಿಗೆ ಎರಡು ಗುಂಡಿ ಇರಲಿಲ್ಲ, ನಾನೇ ಹೊಲಿದುಕೊಟ್ಟೆ. ಒಬ್ಬ ವಿದ್ಯಾರ್ಥಿ ಬಿಟ್ಟುಹೋಗಿದ್ದಾನೆ ಆರ್ಡಿಸ್, ಸಂಜೆ ಎರಡು ಗಂಟೆ ಕೂರುತ್ತೀರಾ, ಗಂಟೆಗೆ ಮೂರು ಡಾಲರ್ ಕೊಡಿಸುತ್ತೇನೆ, ಅಂದರು. ಕೂತೆ. ಹಳೆಯ ಪತ್ರಿಕೆಗಳಿಂದ ಹಿಡಿದು ಆ ವಾರದ್ದರ ತನಕ ಸುದ್ದಿ ಓದುವುದು, ಜಗಳದ ಎರಡು ದೇಶಗಳ ನಡುವೆ ವಾರವಾರಕ್ಕೆ ಏನಾಯಿತೋ ಅದಕ್ಕೆ ಅಂಕ ಹಾಕುವುದು, ಒಂದು ಅಂದರೆ ಕೈಕುಲುಕಿದರು, ಹದಿನೈದು ಅಂದರೆ ಯುದ್ಧ. ಇಬ್ಬರು ಬೇರೆಬೇರೆ ಕೂತು ಹಾಕಬೇಕು, ಆಮೇಲೆ ತಾಳೆ ನೋಡಬೇಕು, ತಾಳೆಯಾಗದಿದ್ದರೆ ಲೆಕ್ಕಕ್ಕೆ ಬೆಲೆಯಿಲ್ಲ. ಇನ್ನೊಬ್ಬ ವೆಂಡಲ್, ಡಾಕ್ಟರೇಟ್ ಮಾಡುತ್ತಿದ್ದ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ನಾಲಗೆ ಮಾತ್ರ ಬಂದಿತ್ತು. ನೋಡಿ ಸರ್, ಸುದ್ದೀನೇ ಇಲ್ಲದ ವಾರಕ್ಕೆ ಈಯಮ್ಮ ಹನ್ನೆರಡು ಹಾಕಿದಾರೆ, ಟೈಪ್ ಮಾಡೋರ ಕೈಗೆ ಯುದ್ಧ ಕೊಟ್ರೆ ಹಿಂಗೇ. ಅವನು ಅಂಥ ವಾರಗಳನ್ನೆಲ್ಲ ಖಾಲಿ ಬಿಟ್ಟಿದ್ದ, ಖಾಲಿಯನ್ನು ಅವರ ಶಾಸ್ತ್ರ ಶಾಂತಿ ಎಂದೇ ಎಣಿಸುತ್ತಿತ್ತು. ಯಾಕೆ ಹಾಕಿದಿರಿ ಆರ್ಡಿಸ್? ಎಂಟು ವಾರದಿಂದ ದಿನಾ ಬೈದಾಡ್ಕೊತಿದ್ರು ಸರ್, ಇದ್ದಕ್ಕಿದ್ದಂಗೆ ಸುಮ್ನಾಗಿದಾರೆ, ಬೈಯೋ ತನಕ ಭಯ ಇಲ್ಲ, ನನ್ ಗಂಡ ಗೋರ್ಡನ್ ಹಿಂಗೇ ಒಂದು ವಾರ ಬಾಯಿ ಮುಚ್ಕೊಂಡಿದ್ದ, ಶನಿವಾರ ಟ್ರಕ್ ಮಾರಿ ಬಂದ. ವೆಂಡಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪ್ರೊಫೆಸರ್ ನಗಲಿಲ್ಲ, ಆದರೆ ಖಾಲಿಯನ್ನೇ ಇಟ್ಟುಕೊಂಡರು, ತಾಳೆಯಾಗಬೇಕಲ್ಲ. ಆ ಲೆಕ್ಕದಲ್ಲಿ ಆ ಎರಡು ದೇಶ ರಾಜಿಯಾಗುತ್ತವೆ ಎಂದು ದೊಡ್ಡ ಸಭೆಯಲ್ಲಿ ಓದಿ ಬಂದರು, ಹದಿನೇಳನೆಯ ದಿನ ಅವು ಯುದ್ಧಕ್ಕಿಳಿದವು, ಸೋಮವಾರ ಬೆಳಗ್ಗೆ ಅವರ ಮುಖ ಹಿಟ್ಟಿನ ಬಣ್ಣ. ನೌಕರಿ ಕಾಯಂ ಆಗಲು ಮೂರೇ ವರ್ಷ ಉಳಿದಿತ್ತು, ಆಗದಿದ್ದರೆ ಹೆಂಡತಿ ಮಗುವಿನ ಜೊತೆ ಊರು ಬಿಡಬೇಕು. ನನ್ನ ಮೇಜಿನ ಅಂಚಿಗೆ ಕೂತರು, ಯಾರೂ ಹಾಗೆ ಕೂತಿರಲಿಲ್ಲ. ಆರ್ಡಿಸ್, ಎಲ್ಲ ಖಾಲಿ ವಾರಗಳನ್ನೂ ಮತ್ತೆ ಓದೋಣವೇ?

ಓದಿದೆವು, ಎರಡು ಚಳಿಗಾಲ, ಅವರ ಹೆಂಡತಿ ಡೋರಾ ಕಳಿಸಿದ ಕೊಲಾಚೆ ಬನ್ನು ತಿನ್ನುತ್ತ, ಗಸಗಸೆ ಹೂರಣ ಹಾಳೆಗೆ ಅಂಟದಂತೆ ಎಡಗೈಯಲ್ಲಿ ಹಿಡಿದು — ಆ ದಿನಗಳಷ್ಟು ಖುಷಿ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ, ಯಾವ ಸುಮ್ಮನಿರುವಿಕೆ ದಣಿವಿನದು, ಯಾವುದು ಹಲ್ಲು ಕಚ್ಚಿದ್ದು, ಜೋರಾಗಿ ವಾದ ಮಾಡುತ್ತಿದ್ದೆವು, ನಾನು ಹೈಸ್ಕೂಲ್ ಮುಗಿಸಿದವಳು ಎಂಬುದು ಇಬ್ಬರಿಗೂ ಮರೆತುಹೋಗುತ್ತಿತ್ತು. ಅದೇ ಪುಸ್ತಕವಾಯಿತು. ಮುಖಪುಟದಲ್ಲಿ ನಿಮ್ಮ ಹೆಸರೂ ಹಾಕುತ್ತೇನೆ ಅಂದರು, ತಮಾಷೆಗಲ್ಲ. ಬೇಡ ಅಂದವಳು ನಾನೇ. ಹೊರಗಿನ ಪಂಡಿತರ ಅಭಿಪ್ರಾಯದ ಪತ್ರಗಳನ್ನು ಒಡೆಯುವವಳು ನಾನು, ಅವರನ್ನು ಕಾಯಂ ಮಾಡಬೇಕೋ ಬೇಡವೋ ಎಂದು ಮತ ಹಾಕುವ ಹನ್ನೊಂದು ಜನ ಯಾವುದಕ್ಕೆ ಮೂಗು ಮುರಿಯುತ್ತಾರೆಂದು ನನಗಿಂತ ಯಾರಿಗೆ ಗೊತ್ತು, ಗುಮಾಸ್ತೆಯ ಜೊತೆ ಬರೆದ ಪುಸ್ತಕ ಅಂದರೆ ಮುಗಿಯಿತು. ಮೊದಲು ಕಾಯಂ ಆಗ್ಲಿ ಸರ್, ಆಮೇಲೆ ನೋಡೋಣ. ಹನ್ನೊಂದರಲ್ಲಿ ಆರು ಮತ ಬಿತ್ತು, ಆರೇ, ನನ್ನ ಎಣಿಕೆ ತಪ್ಪಿರಲಿಲ್ಲ. ಆಮೇಲೆ ಯಾರೂ ನೋಡಲಿಲ್ಲ. ಅವರು ಮರೆತರು, ನಾನು ನೆನಪಿಸಲಿಲ್ಲ, ಒಬ್ಬರದು ಕೆಲಸದ ಗಡಿಬಿಡಿ, ಇನ್ನೊಬ್ಬಳದು ಜಂಬ. ಎರಡನೆಯ ಮುದ್ರಣದ ಮುನ್ನುಡಿ ಟೈಪ್ ಮಾಡುವಾಗ ನನ್ನ ಹೆಸರು ಈ ಸಾಲಿನಲ್ಲಿ ಬರುತ್ತದೆ, ಮುಂದಿನದರಲ್ಲಿ ಬರುತ್ತದೆ ಎಂದು ಬೆರಳು ಓಡಿಸಿದೆ, ಬಂತು, ವಂದನೆಗಳ ಸಾಲಿನಲ್ಲಿ ವೆಂಡಲ್ ಆಯಿತು, ಡೋರಾ ಆಯಿತು, ಕೊನೆಗೆ ಬೇಸರಿಸದೆ ಟೈಪ್ ಮಾಡಿದ ಶ್ರೀಮತಿ ಹಾಲ್ವರ್ಸನ್ — ಅದನ್ನೂ ಒಂದು ತಪ್ಪಿಲ್ಲದೆ ಹೊಡೆದೆ. ಬಾಗಿಲ ಸದ್ದು, ಪ್ರೊಫೆಸರ್ ಬಂದರು, ಈಗ ಮೆಟ್ಟಿಲು ಹತ್ತಿದರೆ ಏದುತ್ತಾರೆ. ಇನ್ನೂ ಮುಗಿದಿಲ್ಲವೇ ಆರ್ಡಿಸ್, ಕೇಕು ಕಾಯುತ್ತಿದೆ. ಇದೊಂದು ಪೆಟ್ಟಿಗೆ ನೀವೇ ಹಾಕಿ ಸರ್, ನಂಗಾಗಲ್ಲ. ಮೇಲಿನ ಹಾಳೆ ತೆಗೆದುಕೊಂಡು ಯಂತ್ರದ ಬಾಯಿಗೆ ಹಿಡಿದವರು ನಿಂತರು, ಕನ್ನಡಕ ಇಳಿಸಿದರು, ಹೆಬ್ಬೆರಳು ಸಾಲಿನ ಮೇಲೆ ಓಡಿ ಕೊನೆಗೆ ಬಂದು ಆ ಎರಡು ಅಕ್ಷರದ ಮೇಲೆ ಕೂತಿತು. ಈ ಅಂಕ ನೀವು ಹಾಕಿದ್ದು. ಹೌದು ಸರ್. ಎಲ್ಲಾ ನೀವೇ ಹಾಕಿದ್ದು. ಹೌದು. ಮುಂದಿನ ಮುದ್ರಣಕ್ಕೆ ನಾನು ಖಂಡಿತ — ಮುಂದಿನದು ಬರಲ್ಲ ಸರ್, ಪ್ರಕಾಶಕರ ಕಾಗದ ಏಪ್ರಿಲ್‌ನಲ್ಲೇ ಬಂತು, ನಾನೇ ಒಡೆದದ್ದು, ನಿಮಗೂ ತೋರಿಸಿದೆ. ಬಾಯಿ ತೆರೆದರು, ಮುಚ್ಚಿದರು, ಹೆಬ್ಬೆರಳು ಅಲ್ಲೇ ಇದೆ. ಈ ಸುಮ್ಮನಿರುವಿಕೆ ಹಲ್ಲು ಕಚ್ಚಿದ್ದಲ್ಲ, ದಣಿದದ್ದೂ ಅಲ್ಲ, ಮುದುಕನೊಬ್ಬನಿಗೆ ನಾಚಿಕೆಯಾಗಿದೆ ಅಷ್ಟೇ, ನನಗೆ ಅಯ್ಯೋ ಅನಿಸುತ್ತದೆ, ಆದರೆ ಈ ಸಲ ಪರವಾಗಿಲ್ಲ ಬಿಡಿ ಅನ್ನುವುದಿಲ್ಲ. ಅವರಿಗೆ ಕೆಲಸ ಉಳಿಯಿತು, ಹೆಸರು ಬಂತು. ನನಗೆ ಸಂಬಳ ಬಂತು, ಗೋರ್ಡನ್‌ನ ಹೃದಯದ ಆಪರೇಷನ್ನಿಗೆ ವಿಮೆ ಬಂತು, ಯಾರೂ ಕಿತ್ತುಕೊಳ್ಳಲಾಗದ ಎರಡು ಚಳಿಗಾಲ ಸಿಕ್ಕವು. ಹೆಸರು ಹೋಯಿತು, ಅರ್ಧ ಅವರು ಕಳೆದರು, ಅರ್ಧ ನಾನು. ಯಂತ್ರ ಗುಂಯ್ ಅನ್ನುತ್ತಿದೆ, ಹಾಳೆ ಅದರ ಬಾಯಿಯ ಮೇಲೆಯೇ ಇದೆ, ಹೆಬ್ಬೆರಳು ಎ.ಎಚ್. ಮೇಲೆ, ಎತ್ತುತ್ತಿಲ್ಲ, ಹಾಳೆಯನ್ನು ಒಳಗೂ ಬಿಡುತ್ತಿಲ್ಲ.