ನೂರರಲ್ಲಿ ಎಷ್ಟು ಹಳದಿ

ಅಕ್ಕಿಕಾಳೊಂದು ಬಿಳಿಯೋ ಹಳದಿಯೋ ಎಂಬ ಘನಗಂಭೀರ ಪ್ರಶ್ನೆ ಆ ಬೆಳಗ್ಗೆ ಗಿರಣಿಯ ಪರೀಕ್ಷಾ ಕೋಣೆಯಲ್ಲಿ ನಾಲ್ಕು ತಲೆಗಳನ್ನು ಒಂದೇ ತಟ್ಟೆಯ ಮೇಲೆ ಬಗ್ಗಿಸಿತ್ತು. ಯುದ್ಧದ ನಕ್ಷೆಯನ್ನೂ ಯಾರೂ ಅಷ್ಟು ಹತ್ತಿರದಿಂದ ನೋಡಿರಲಾರರು.

ಒಂದು ತಲೆ ಪರೀಕ್ಷಕರದು. ಉಳಿದವು ಭತ್ತ ತಂದ ಮನೆಯ ಅತ್ತೆ, ಸೊಸೆ, ಮೈದುನನವು. ಮಾದರಿಗೆಂದು ಸುಲಿದ ನೂರು ಕಾಳಿನಲ್ಲಿ ಮೂರರವರೆಗೆ ಹಳದಿಯಿದ್ದರೆ ಪಾಸು, ನಾಲ್ಕಾದರೆ ವಾಪಸು. ಪಾಸಾದರೆ ಇನ್ನು ಮೇಲೆ ಭತ್ತ ಒಣಗಿಸುವ ಯಜಮಾನಿಕೆ ಸೊಸೆಗೆ, ಇಲ್ಲವಾದರೆ ಮತ್ತೆ ಮೈದುನನಿಗೆ ಎಂದು ಮನೆಯಲ್ಲಿ ಮಾತಾಗಿತ್ತು.

ಮೈದುನನ ಪದ್ಧತಿಯೆಂದರೆ ಹಸಿ ಭತ್ತ ರಾಶಿ ಹಾಕಿ, ಟಾರ್ಪಾಲು ಹೊದಿಸಿ, ತಾನೂ ಹೊದ್ದು ಮಲಗುವುದು. ಹೋದ ಸಲ ರಾಶಿಯೊಳಗೆ ಕೈ ಹಾಕಿದರೆ ಸುಡುತ್ತಿತ್ತು. ಅಕ್ಕಿ ಅರಿಶಿನ ಸವರಿದ ಹಾಗಿತ್ತು. ಈ ಸಲ ಸೊಸೆ ಆ ಟಾರ್ಪಾಲನ್ನು ತಾನೇ ಇಸಿದುಕೊಂಡು, ಕೊಯ್ದ ದಿನವೇ ಭತ್ತವನ್ನು ಅದರ ಮೇಲೆ ತೆಳ್ಳಗೆ ಹರಡಿ, ಅರ್ಧ ಗಂಟೆಗೊಮ್ಮೆ ಕಾಲಾಡಿಸಿ ಒಣಗಿಸಿದ್ದಳು. "ಭತ್ತಕ್ಕೆ ಇಷ್ಟು ಸೇವೆ! ನನ್ನ ಮೊಣಕಾಲಿಗೆ ಒಂದಿನ ಎಣ್ಣೆ ಹಚ್ಚಿದೀಯಾ?" ಎಂದಿದ್ದರು ಅತ್ತೆ.

ಪರೀಕ್ಷಕರು ಚಿಮುಟದಿಂದ ಹಳದಿ ಕಾಳುಗಳನ್ನು ಪಕ್ಕಕ್ಕೆ ಎಳೆದರು. "ನಾಲ್ಕು... ಐದು."

"ನಾ ಹೇಳಿರ್ಲಿಲ್ವಾ ಅತ್ತಿಗೆ? ನನ್ನ ಟಾರ್ಪಾಲು ಕೊಟ್ಬಿಡಿ," ಮೈದುನ ಹಲ್ಲು ಕಿರಿದ.

ಹೊಟ್ಟಿನ ಧೂಳಿಗೆ ಹೆದರಿ ಕಿಟಕಿ ಮುಚ್ಚಿದ್ದರು. ತಲೆಯ ಮೇಲೊಂದು ಹಳೇ ಬಲ್ಬು. ಸೊಸೆ ಕಾಳು ಬಿಟ್ಟು ಪರೀಕ್ಷಕರನ್ನೇ ದಿಟ್ಟಿಸಿದಳು.

"ಸಾರ್, ನಿಮ್ಮ ಶರ್ಟು ಯಾವ ಬಣ್ಣ?"

"ಬಿಳಿ. ಯಾಕಮ್ಮಾ?"

"ಈ ಬಲ್ಬಿನಡಿ ಅದೂ ಫೇಲು."

ಪರೀಕ್ಷಕರು ತೋಳು ನೋಡಿಕೊಂಡರು. ತಟ್ಟೆ ಎತ್ತಿ ಅಂಗಳಕ್ಕೆ ನಡೆದರು. ಗಾಳಿಗೆ ಅಡ್ಡವಾಗಿ ಸೆರಗು ಹಿಡಿದು ಅತ್ತೆ ಅಬ್ಬರಿಸಿದರು: "ಯಾರೂ ಉಸಿರು ಬಿಡ್ಬೇಡಿ!"

ಬಿಸಿಲಿನಲ್ಲಿ ಐದರಲ್ಲಿ ಮೂರು ಕಾಳು ಹಾಲಿನಂತೆ ಬೆಳ್ಳಗಾದವು. ಉಳಿದದ್ದು ಎರಡು! ಅತ್ತೆ ಕುಣಿಯದೆ ಉಳಿದದ್ದು ಮೊಣಕಾಲಿನ ದೆಸೆಯಿಂದ.

ಸೊಸೆ ಇನ್ನೂ ಬಗ್ಗಿಯೇ ಇದ್ದಳು. ಪಾಸಾದ ಕಾಳುಗಳ ನಡುವೆ ಬೆರಳಿಟ್ಟಳು. "ಸಾರ್, ಇದು ಹಳದಿ."

"ಬಾಯಿ ಮುಚ್ಕೊಂಡಿರಕ್ಕಾಗಲ್ವೇನೇ ನಿಂಗೆ?"

"ಹಳದಿ ಇದ್ರೆ ಹಳದಿನೇ ಅತ್ತೆ."

ಮೈದುನ ಮಂಡಿಯೂರಿ ನಾಲ್ಕನೆಯದನ್ನು ಹುಡುಕತೊಡಗಿದ. "ಇದು?"

"ಕಲ್ಲು ಕಣಪ್ಪ," ಎಂದರು ಪರೀಕ್ಷಕರು.

"ಇದು ಸಾರ್, ಇದು?"

"ಆಗಲೇ ಎಣಿಸಿದ್ದು."

ಅವನು ನೂರನ್ನೂ ಎರಡು ಸಲ ಮಗುಚಿ ನೋಡಿದ. ಅತ್ತೆಯ ಕೈ ಸೋತರೂ ಸೆರಗು ಇಳಿಯಲಿಲ್ಲ.

ಹಳದಿ ಮೂರೇ ಇದ್ದವು. ಭತ್ತ ಪಾಸಾಯಿತು, ಟಾರ್ಪಾಲು ಸೊಸೆಯ ಬಳಿಯೇ ಉಳಿಯಿತು.