ಒದ್ದೆ ಗೋಣಿಚೀಲ

ಚುರ್ ಎಂದಿತು ಏನೋ, ನಾಗವೇಣಿ ಕತ್ತು ತಿರುಗಿಸಿದಳು — ಬಾಯ್ಲರಿನ ಮೈಮೇಲೆ ನೀರಿನ ಹನಿ, ಎಲ್ಲಿಯ ನೀರು, ಈ ಮಾನ್ವಿ ರಸ್ತೆಯ ಅಕ್ಕಿ ಗಿರಣಿಯಲ್ಲಿ ಇರುವುದು ಹೊಟ್ಟಿನ ಬೂದಿ ಒಂದೇ, ಮೂಗಿನಲ್ಲಿ, ರೆಪ್ಪೆಯಲ್ಲಿ, ಹಲ್ಲಿನ ಸಂದಿಯಲ್ಲಿ, ಮತ್ತೆ ಬೆನ್ನಿಗೆ ಮಾಲೀಕ ಶರಣಯ್ಯನ ದನಿ, ಏನ್ರೀ ಮೇಡಂ, ನಿಮ್ಮ ಡಬ್ಬಿಗೆ ಜೀವ ಅದನೋ ಹೋಗ್ಯದೋ, ಇದೆ, ಬಾಯ್ಲರಿಗೆ ಕೂರಿಸಿದ ಡಬ್ಬಿಯ ಹಸಿರು ದೀಪ ಉರಿಯುತ್ತಿದೆ, ಅವಳು ಮಾಡಿದ ಮೊದಲಿನ ಡಬ್ಬಿಗಳು ಈ ಹೊತ್ತಿಗೆ ಬೆಂದುಹೋಗಿದ್ದವು, ಬೆಸುಗೆ ಕರಗಿ, ಬೂದಿ ಹೊಕ್ಕು, ಆಗ ಇದೇ ಮನುಷ್ಯ ಹೊಟ್ಟೆ ಹಿಡಿದು ನಕ್ಕಿದ್ದ, ರಾಯಚೂರಾಗ ಫ್ಯಾನಿನ ಕೆಳಗ ಕುಂತು ಮಾಡಿದ್ದು ಇಲ್ಲೆಲ್ಲಿ ತಡೀತದ್ರಿ, ನಗಲಿ, ಈ ಸಲ ಒಳಗೆ ತಂತಿ ಬೆಸೆದ ಬಿಲ್ಲೆ ಬಿಸಿ ತಡೆಯುವ ಪಿಂಗಾಣಿಯದು, ಬೆಸುಗೆಯೇ ಬೇರೆ, ಉಗಿ ಮಿತಿ ಮೀರಿದರೆ ಡಬ್ಬಿ ಕೂಗಬೇಕು, ಅಷ್ಟೇ ಅದರ ಕೆಲಸ, ಹಿಂದೆ ಅವನು ಪೇಟೆಯಿಂದ ತಂದು ಕೂರಿಸಿದ್ದು ಬಿಸಿಗೆ ಕೂಗದೆಯೇ ಸತ್ತಿತ್ತು, ಒಲೆಗೆ ಹೊಟ್ಟು ಹಾಕುವ ಬಡೇಬೀಯ ತೋಳು, ಅಂದು ಉಗಿಗೆ ಬೆಂದದ್ದು, ಮೊಣಕೈಯಿಂದ ಮಣಿಕಟ್ಟಿನವರೆಗೆ ನುಣ್ಣನೆಯ ಗುಲಾಬಿ ಚರ್ಮ — ಮತ್ತೆ ಚುರ್, ಈಗ ಕಂಡಿತು, ಡಬ್ಬಿಯ ನೆತ್ತಿಯ ಮೇಲೆ ಮಡಚಿಟ್ಟ ಗೋಣಿಚೀಲ, ಒದ್ದೆ, ಆವಿಯಾಡುತ್ತಿದೆ.

ಯಾರು ಹಾಕಿದ್ದು ಇದನ್ನ, ಇಷ್ಟು ಕರ್ಕಶವೇ ತನ್ನ ದನಿ, ನಾನ್ರೀ ಮೇಡಂ, ಬಡೇಬೀ ನಗುತ್ತಾಳೆ, ನಮ್ಮ ದೇವದುರ್ಗದಾಗ ಬ್ಯಾಸಗಿಗೆ ನೀರಿನ ಗಡಿಗಿಗೆ ಸುತ್ತತೀವಲ್ರೀ, ಹಂಗ, ಪಾಪ ಅದಕ್ಕೂ ಧಗಿ ಆಗಾಕತ್ತಿತ್ತು, ಅದರ ಸಲುವಾಗಿ ನೀವು ಮುಂಜಾನಿಂದ ಉಂಡಿಲ್ಲ, ಕುಡಿಯುವ ನೀರನ್ನೇ ಸುರಿದಿದ್ದಾಳೆ, ಅಂದರೆ ಬಿಸಿ ತಾಗಿಯೇ ಇಲ್ಲ, ದಿನವೆಲ್ಲ ಡಬ್ಬಿ ನೆರಳಲ್ಲಿ ಕೂತಿತ್ತು, ಗೆದ್ದದ್ದು ಪಿಂಗಾಣಿಯಲ್ಲ, ಗೋಣಿಚೀಲ, ಶರಣಯ್ಯ ಹಲ್ಲು ಕಿರಿಯುತ್ತಾನೆ, ಇದ್ರ ಇರ್ಲಿ ಬಿಡ್ರಿ, ತಡೀತು ಅಂತ ಒಂದು ಮಾತು ಅನ್ರಿ, ನಾಳಿಂದ ಬಾಯ್ಲರ್ ಖಾಯಂ ಚಾಲೂ, ನಿಮಗೂ ಹೆಸರು, ಒಂದು ಮಾತು, ನಾಲಿಗೆಯ ತುದಿಯಲ್ಲೇ ಇದೆ, ಎಷ್ಟು ವರ್ಷದ ಅವಮಾನ ತೊಳೆದೀತು, ಆದರೆ ನಾಳೆ ಚೀಲ ಒಣಗುತ್ತದೆ, ಡಬ್ಬಿ ಸದ್ದಿಲ್ಲದೆ ಸಾಯುತ್ತದೆ, ಆಗ ಒಲೆಯ ಎದುರಿಗೆ ನಿಂತಿರುವುದು ಶರಣಯ್ಯನಲ್ಲ, ಬಡೇಬೀ — ನಾಗವೇಣಿ ಸರಕ್ಕನೆ ಚೀಲ ಎಳೆದು ಬಿಸಾಡುತ್ತಾಳೆ, ಎಲ್ಲರೂ ದುರುಗುಟ್ಟಿ ನೋಡುತ್ತಾರೆ, ನೋಡಲಿ, ಹಸಿರು, ಹಸಿರು, ಇನ್ನೂ ಹಸಿರು, ತಡಿ, ತಡೆದುಕೋ, ದೀಪ ನಡುಗಿತು, ಆರಿತು.

ಸತ್ತದ ನೋಡ್ರಿ, ಶರಣಯ್ಯನ ನಗು, ಬೆಂಕಿ ಆರಿಸ್ರಿ, ಅವಳೇ ಕೂಗುತ್ತಾಳೆ, ಇದನ್ನ ಹಚ್ಚಬ್ಯಾಡ್ರಿ, ಕೆಲಸ ನಿಂತಿತೆಂದು ಯಾರೋ ಬೈಯುತ್ತಾರೆ, ಯಾರೋ ಉಗುಳುತ್ತಾರೆ, ಬೈಯಲಿ, ಮತ್ತೆ ಮಾಡಬೇಕು, ಮೊದಲಿಂದ, ಹೆಗಲ ಮೇಲೆ ತಣ್ಣಗೆ ಏನೋ, ಅದನ್ನು ಹೊದಿಸುವ ಗುಲಾಬಿ ತೋಳು, ತೆಗಿ ಬೀ, ತೆಗಿ ಎನ್ನಬೇಕು, ಆಗುತ್ತಿಲ್ಲ, ಬೆನ್ನಿಗಿಳಿಯುವ ಹನಿ, ಒದ್ದೆ ಚೀಲ, ಹನಿ, ಒದ್ದೆ ಚೀಲ