ಭಂಡಾರದ ತಾಟು

ಶಿರಗುಪ್ಪಿಯ ಲಕ್ಕವ್ವನ ಮನೆಯಲ್ಲಿ ವೋಟು ಅಂದರೆ ಅದು ಸಂಗ್ರಾಮನಿಗೇ. ಸಂಗ್ರಾಮ ಅವಳ ಗಂಡ ರಾವಸಾಹೇಬನ ಅಕ್ಕನ ಮಗ. ಅವನು ಪಕ್ಷ ಬದಲಿಸಿದಂತೆಲ್ಲ ಮನೆಯ ವೋಟೂ ಅವನ ಬೆನ್ನು ಹತ್ತಿ ಹೋಗುತ್ತಿತ್ತು. "ನಾವು ಚಿಹ್ನೆ ನೋಡೂ ಮಂದಿ ಅಲ್ಲ, ಮನಿಷ್ಯಾನ್ನ ನೋಡತೀವಿ" ಎನ್ನುತ್ತಿದ್ದ ರಾವಸಾಹೇಬ.

ಸಂಗ್ರಾಮ ಮನುಷ್ಯ ಒಳ್ಳೆಯವನೇ. ಹೋದ ವರ್ಷ ಲಕ್ಕವ್ವನ ಎದೆ ಹಿಡಿದಾಗ ಮಿರಜಿನ ದವಾಖಾನೆಗೆ ಕಾರು ಓಡಿಸಿದವನು ಅವನು. ಅವಳು ಕಣ್ಣು ತೆರೆಯುವ ತನಕ ವಾರ್ಡಿನ ಬಾಗಿಲು ಬಿಟ್ಟು ಕದಲಿರಲಿಲ್ಲ.

ಈಗ ತಾಲೂಕು ಪಂಚಾಯಿತಿಗೆ ನಿಂತಿದ್ದ. ಲಕ್ಕವ್ವನಿಗೆ ಚುಚ್ಚುತ್ತಿದ್ದುದು ಬೇರೆ. ಸೊಸೆ ಕೋಮಲ ಐನಾಪುರದ ಶಾಲೆಯಲ್ಲಿ ಟೀಚರು. ಅವಳ ಕೂಸಿಗೆ ಈಗಷ್ಟೇ ಹಲ್ಲು ಮೂಡುತ್ತಿತ್ತು. ಜೂನಿಗೆ ಬರದಿದ್ದರೆ ಕೆಲಸ ಇನ್ನೊಬ್ಬರಿಗೆ ಎಂದು ಶಾಲೆಯವರು ಹೇಳಿದ್ದರು. ಕೂಸು ನೋಡಿಕೊಳ್ಳೋಣವೆಂದರೆ ಲಕ್ಕವ್ವನಿಗೆ ದಿನವಿಡೀ ಒಣದ್ರಾಕ್ಷಿಯ ಶೆಡ್ಡಿನ ಕೆಲಸ. ಅಲ್ಲಿ ಕೂಲಿಗೆ ಬರುವ ಸುಂದರಾಳ ಮೊಮ್ಮಗು ದ್ರಾಕ್ಷಿಗೆ ಹಾಕುವ ಗಂಧಕದ ಘಾಟಿನಲ್ಲೇ ಮಲಗುತ್ತಿತ್ತು. ಲಕ್ಕವ್ವ ತಾನೂ ಒಂದು ಕಾಲಕ್ಕೆ ಮಗ ಅಮಿತನ ಕಾಲನ್ನು ಸೀರೆಯ ಚೂರಿನಿಂದ ಮಂಚಕ್ಕೆ ಕಟ್ಟಿ ತೋಟಕ್ಕೆ ಹೋದವಳು. ಸಂಜೆ ಬಂದು ಆ ಗಂಟಿನ ಕೆಂಪು ಗೀರನ್ನು ಸವರಿದ್ದು ಬೆರಳಿಗೆ ಇನ್ನೂ ನೆನಪಿತ್ತು.

ಎದುರು ಪಕ್ಷದವರು ಹಂಚಿದ ಕಾಗದದಲ್ಲಿ ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳಲು ಊರಿಗೊಂದು ಕೂಸುಗಳ ಖೋಲಿ ಎಂದು ಬರೆದಿತ್ತು. ಸಂಗ್ರಾಮನ ಪಕ್ಷ ಅದನ್ನೇ ಹಿಂದೆ ಬೇಡವೆಂದಿತ್ತು. ಕೂಸು ನೋಡುವುದು ಮನೆಯವರ ಕೆಲಸವಂತೆ.

"ಬರದದ್ದೆಲ್ಲಾ ಆಕ್ಕೈತೇನ?" ಎಂದ ರಾವಸಾಹೇಬ. "ಆ ಪಕ್ಷದಾಂವನ ಮಾರಿ ನಮ್ಮ ಓಣ್ಯಾಗ ಯಾರರ ನೋಡ್ಯಾರೇನು?"

"ಬರದದ್ದನ್ನ ನಾಳೆ ಮುಂದ ಹಿಡದು ಕೇಳಬಹುದ್ರಿ ಮಾವಾರ" ಎಂದಳು ಕೋಮಲ. "ಬರೀದ ಇದ್ದದ್ದನ್ನ ಹೆಂಗ ಕೇಳೂದು?"

ಮತದಾನಕ್ಕೆ ಮುಂಚೆ ಸಂಗ್ರಾಮ ವಾಡಿಕೆಯಂತೆ ಭಂಡಾರದ ತಾಟು ಹಿಡಿದು ಬಂದ. ದೇವರ ಅರಿಶಿಣದ ಪುಡಿ ಅದು. ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡರೆ ವೋಟು ಕೊಟ್ಟೆ ಎಂದು ಆಣೆ. ಆ ಆಣೆ ಮುರಿದವರು ಊರಲ್ಲಿ ಇಲ್ಲ. ರಾವಸಾಹೇಬ ಹಚ್ಚಿಕೊಂಡ. ಲಕ್ಕವ್ವನ ಕೈ ತಾಟಿನ ಮೇಲೆ ಬಂದು ನಿಂತಿತು.

"ಸಂಗ್ರಾಮ, ಕೂಸುಗಳ ಖೋಲಿ ಮಾತು ಬಂದ್ರ ಕೈ ಎತ್ತತಿಯೇನು?"

"ನನ್ನ ಕೇಳಿದ್ರ ಎರಡೂ ಕೈ ಎತ್ತತೀನಿ ಅತ್ತಿ."

"ಪಕ್ಷ ಬ್ಯಾಡಂದ್ರ?"

ಅವನ ನಗು ಅರ್ಧಕ್ಕೇ ನಿಂತಿತು.

"ಬ್ಯಾಡಂದ್ರೂ ಎತ್ತತೀನಿ ಅಂತ ಮೊದಲ ನೀ ಭಂಡಾರ ಹಿಡಿ" ಎಂದಳು ಲಕ್ಕವ್ವ.

"ಹುಚ್ಚ ಹಿಡದೈತೇನ ನಿನಗ?" ಎಂದ ರಾವಸಾಹೇಬ.

ಸಂಗ್ರಾಮನ ಬೆರಳು ತಾಟಿನವರೆಗೆ ಹೋಗಿ ಹಿಂದಕ್ಕೆ ಬಂತು. ಅವನು ಚಿಟಿಕೆ ತೆಗೆದು ಹಚ್ಚಿಕೊಂಡು ನಡೆದುಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

"ಸುಳ್ಳ ಆಣಿ ಮಾಡಾಕ ಬರಂಗಿಲ್ಲ ಅತ್ತಿ. ಅಲ್ಲಿ ಕೈ ನಂದಲ್ಲ, ಪಕ್ಷದ್ದು."

ಲಕ್ಕವ್ವ ತಾಟಿನ ಮೇಲಿನ ಕೈ ಹಿಂದಕ್ಕೆ ತೆಗೆದಳು. ಇಂಥವನ ಕೈಯೂ ಅವನದಲ್ಲ ಎಂದ ಮೇಲೆ, ಆ ಕೈಯನ್ನು ಎತ್ತಿಸುವವರು ಏನು ಹೇಳುತ್ತಾರೆಂದು ನೋಡದೆ ಹೇಗೆ? ಇಷ್ಟು ದಿನ ಅವಳು ನೋಡಿರಲಿಲ್ಲ.

"ಹಂಗಾರ ನಾನೂ ಹಿಡಿಯಂಗಿಲ್ಲಪಾ" ಎಂದಳು ಮೆಲ್ಲಗೆ. "ಮಿರಜ ಮರತಿಲ್ಲ ನಾ. ಸಿಟ್ಟಾಗಬ್ಯಾಡ."

ಸಂಗ್ರಾಮ ತಾಟನ್ನು ಮೇಜಿನ ಮೇಲಿಟ್ಟ. "ಸಿಟ್ಟಿನ್ಯಾಕ? ಊಟಕ್ಕ ಏನ್ ಮಾಡೀದಿ ಹೇಳು."

ಮತದಾನದ ದಿನ ಮತಗಟ್ಟೆಯಿದ್ದ ಊರ ಶಾಲೆಯ ರಸ್ತೆಯ ತನಕ ರಾವಸಾಹೇಬ ಜೊತೆಗೆ ಬಂದ. ಪ್ರತಿ ಸಲ ಅಲ್ಲೇ ಅವನು ಚಿಹ್ನೆ ಹೇಳಿಕೊಡುವುದು. ಗಂಟಲು ಸರಿಮಾಡಿಕೊಂಡ. ಆದರೆ ಈ ಸಲ "ಕಣ್ಣಿನ ಚಾಳಿಸ ತಂದಿಯಿಲ್ಲೋ?" ಎಂದಷ್ಟೇ ಕೇಳಿದ.

ದೂರದ ಚಹಾ ಅಂಗಡಿಯಲ್ಲಿ ಸಂಗ್ರಾಮ ಕುಳಿತಿದ್ದ. ಜೊತೆಗೆ ಬಂದಿದ್ದ ಕೋಮಲಳ ಕಂಕುಳಲ್ಲಿ ಕೂಸು ಅಳುತ್ತಿತ್ತು.

"ಕೊಡವಾ ಇಲ್ಲಿ. ಇಬ್ಬರೂ ಹಾಕಿ ಬರ್ರಿ." ಎದ್ದು ಬಂದ ಸಂಗ್ರಾಮ ಕೂಸನ್ನು ಎತ್ತಿಕೊಂಡು ಲಕ್ಕವ್ವನ ಕಡೆ ನೋಡಿದ. "ಪಕ್ಷದ ಮೀಟಿಂಗಿನಾಗ ಖೋಲಿ ಮಾತು ತಗದಿದ್ದೆ ಅತ್ತಿ. ಎಲ್ಲಾರೂ ಬೈದ್ರು."

"ಎಲ್ಲಾರೂ?"

"ಒಬ್ಬಾಂವ ಬೈಲಿಲ್ಲ."

"ಹಂಗಾರ ಆಗಲೇ ಇಬ್ಬರಾದ್ರಿ" ಎಂದಳು ಲಕ್ಕವ್ವ.

ಒಳಗೆ, ತಾನು ಎಂದೂ ಕಾಣದ ಒಬ್ಬನ ಹೆಸರಿನ ಮುಂದೆ ಅವಳು ಗುಂಡಿ ಒತ್ತಿದಳು. ಹೊರಗೆ ಬಂದಾಗ ಕೂಸು ಸಂಗ್ರಾಮನ ಕೊರಳಿನ ಪಕ್ಷದ ಶಾಲನ್ನು ಬಾಯಿಗೆ ತುರುಕಿಕೊಂಡು ಚೀಪುತ್ತಿತ್ತು. ಅವನು ಬಿಡಿಸಿಕೊಳ್ಳಲು ಹೋಗಿರಲಿಲ್ಲ.